ಎರಡು ಪಾದಕ್ಕೆ ಒಂದೇ ಸದ್ದು

ಹೊರಗೆ ಇನ್ನೂ ಬೆಳಕು ಹರಿದಿಲ್ಲ. ಒಳಾಂಗಣ ಕ್ರೀಡಾಂಗಣದ ದೀಪಗಳಲ್ಲಿ ಅರ್ಧ ಮಾತ್ರ ಹೊತ್ತಿವೆ. ವಾಲಿಬಾಲ್ ನೆಟ್ಟಿನ ಪಕ್ಕ ಹುಡುಗಿಯರು ಆಕಳಿಸುತ್ತಾ ಸಾಲುಗಟ್ಟಿದ್ದಾರೆ. ಅವರಿಗೆ ಬೆನ್ನು ಹಾಕಿ, ಗೋಡೆಗೆ ಮುಖ ಮಾಡಿ ನಿಂತ ಹೆಂಗಸೊಬ್ಬರು ಚಪ್ಪಾಳೆ ತಟ್ಟುತ್ತಾರೆ. ಚಪ್ಪಾಳೆಗೊಬ್ಬಳಂತೆ ಮರದ ಪೆಟ್ಟಿಗೆಯಿಂದ ಧುಮುಕಬೇಕು, ನೆಲ ಮುಟ್ಟಿದ ತಕ್ಷಣ ಮತ್ತೆ ಮೇಲಕ್ಕೆ ನೆಗೆಯಬೇಕು. "ನೆಲದ ಮೇಲೆ ಸಂಸಾರ ಹೂಡಬೇಡ್ರೇ! ಮುಟ್ಟು, ಏಳು!" ಎಂದು ತಿರುಗಿಯೂ ನೋಡದೆ ಗದರುತ್ತಾರೆ.

ಇವರು ಚಪ್ಪಾಳೆ ಅಕ್ಕ. ಪತ್ರಿಕೆಯಲ್ಲಿ ಸ್ಮ್ಯಾಷ್ ಹೊಡೆದವಳ ಫೋಟೊ ಬರುತ್ತದೆ, ಕೋಚ್ ಫೋಟೊ ಬರುತ್ತದೆ. ಆ ಕಾಲುಗಳನ್ನು ಆಟಕ್ಕೆ ಮುಂಚೆ ಬಿಸಿ ಮಾಡಿ, ಸ್ಪ್ರಿಂಗಿನಂತೆ ಎಬ್ಬಿಸಿ ಕಳಿಸುವ ಅಕ್ಕನನ್ನು ಯಾರು ಕೇಳಬೇಕು! ಬೆನ್ನು ಹಾಕಿ ನಿಲ್ಲುವುದೇಕೆ ಎಂದರೆ ನಗುತ್ತಾರೆ. "ಕಣ್ಣಿಗೆ ಮೋಸ ಮಾಡಬಹುದು, ಕಿವಿಗೆ ಆಗಲ್ಲ. ಎರಡೂ ಪಾದ ಒಟ್ಟಿಗೆ ಊರಿದ್ರೆ ಒಂದೇ ಸದ್ದು. ಎರಡು ಸದ್ದು ಬಂತೋ, ಒಂದು ಕಾಲು ನೋಯ್ತಿದೆ ಅಂತ್ಲೇ ಲೆಕ್ಕ."

ಅಕ್ಕನೂ ಒಂದು ಕಾಲದಲ್ಲಿ ಆಟಗಾರ್ತಿ. ಫೈನಲ್ ದಿನ ಮಧ್ಯಾಹ್ನವೆಲ್ಲ ಬೆಂಚಿನ ಮೇಲೆ ಕೂರಿಸಿ, ಕೊನೆಗೆ ದಿಢೀರನೆ ಒಳಗೆ ಕರೆದರು. "ಖುಷಿಗೆ ಹಾಗೇ ಓಡ್ಬಿಟ್ಟೆ. ಮೈ ಬಿಸಿ ಮಾಡ್ಕೋ ಅಂತ ಯಾರೂ ಹೇಳ್ಲಿಲ್ಲ, ನಂಗೂ ಹೊಳೀಲಿಲ್ಲ." ಮೊದಲ ಜಿಗಿತದಲ್ಲೇ ಮಂಡಿ ಹೋಯಿತು. ಎರಡು ಸಲ ಕೊಯ್ದರೂ ಅದು ಪೂರ್ತಿ ಮಡಚಲಿಲ್ಲ. ಅದಕ್ಕೇ ಪಂದ್ಯದ ದಿನ ಅಕ್ಕ ಬೆಂಚಿನವರನ್ನು ಕೂರಲು ಬಿಡುವುದಿಲ್ಲ, ಹಿಂದೆ ನಿಲ್ಲಿಸಿ ಕುಪ್ಪಳಿಸುವಂತೆ ಮಾಡುತ್ತಲೇ ಇರುತ್ತಾರೆ. "ಆಡೋಕೆ ಬಂದ್ರಾ, ಕುಣಿಯೋಕೆ ಬಂದ್ರಾ?" ಎಂದು ಜನ ಕಿಚಾಯಿಸುತ್ತಾರೆ. ಕಿಚಾಯಿಸಲಿ ಬಿಡಿ, ಹೋಗುವುದು ಅವರ ಮಂಡಿಯಲ್ಲವಲ್ಲ!

ಈ ಸಾಲಿನಲ್ಲಿ ಅಕ್ಕನ ಮಗಳೂ ಇದ್ದಾಳೆ. ಅಂಕಣದೊಳಗೆ ಅವಳಿಗೂ ಇವರು "ಅಕ್ಕ"ನೇ. ಇವತ್ತು ರಾಷ್ಟ್ರೀಯ ಕಿರಿಯರ ತಂಡಕ್ಕೆ ಆಯ್ಕೆ. ಬೆರಳಿಗೆ ಸೀಮೆಸುಣ್ಣ ಹಚ್ಚಿಕೊಂಡು ಮೂರು ಸಲ ನೆಗೆದು ಗೋಡೆ ಮುಟ್ಟಬೇಕು, ಗುರುತು ಎತ್ತರದಲ್ಲಿ ಬಿದ್ದವಳು ತಂಡಕ್ಕೆ ಹೋಗುತ್ತಾಳೆ. ಮಗಳಷ್ಟು ಎತ್ತರಕ್ಕೆ ಇಲ್ಲಿ ಯಾರೂ ನೆಗೆಯುವುದಿಲ್ಲ. ಮುಂದಿನ ವರ್ಷ ಅವಳಿಗೆ ವಯಸ್ಸು ಮೀರುತ್ತದೆ.

ಮಗಳು ಪೆಟ್ಟಿಗೆಯಿಂದ ಧುಮುಕುತ್ತಾಳೆ. ದಪ್, ದಪ್.

ಚಪ್ಪಾಳೆ ನಿಲ್ಲುತ್ತದೆ. "ಇನ್ನೊಂದ್ಸಲ," ಎನ್ನುತ್ತಾರೆ ಅಕ್ಕ. ಮತ್ತೆ ಎರಡು ಸದ್ದು. ಈಗ ತಿರುಗುತ್ತಾರೆ. "ಪ್ಯಾಂಟು ಮೇಲೆತ್ತು." ಬಿಗಿಯಾಗಿ ಸುತ್ತಿದ ಬ್ಯಾಂಡೇಜಿನ ಕೆಳಗೆ ಮಂಡಿ ಊದಿಕೊಂಡಿದೆ.

"ಅಮ್ಮಾ, ಇವತ್ತೊಂದಿನ ಬಿಟ್ಬಿಡು. ಕಾಲಿಗೆ ಬೀಳ್ತೀನಿ. ನಾಳೆಯಿಂದ ನೀನು ಹೇಳ್ದಂಗೆ ಕೇಳ್ತೀನಿ."

ಕೋಚ್ ಕೂಡ ಹತ್ತಿರ ಬಂದು ದನಿ ತಗ್ಗಿಸುತ್ತಾರೆ. "ಮೂರೇ ಜಿಗಿತ ಅಲ್ವಾ ಅಕ್ಕಾ? ಸುಮ್ನಿದ್ಬಿಡಿ."

"ನಂಗೆ ಅವತ್ತು ಒಂದೇ ಇದ್ದಿದ್ದು ಸಾರ್," ಎನ್ನುತ್ತಾರೆ ಅಕ್ಕ. ಮಗಳ ರಟ್ಟೆ ಹಿಡಿದು ಸಾಲಿನಿಂದ ಹೊರಗೆ ತರುತ್ತಾರೆ.

"ನಿನ್ ಕೈಲಿ ಆಗ್ಲಿಲ್ಲ ಅಂತ ನಂದೂ ಮುಗಿಸ್ಬಿಟ್ಟೆ!" ಮಗಳ ಕೂಗು ಇಡೀ ಒಳಾಂಗಣಕ್ಕೆ ಕೇಳುತ್ತದೆ. ಯಾರೂ ತಲೆ ಎತ್ತುವುದಿಲ್ಲ. ಅಕ್ಕ ಗೋಡೆಯತ್ತ ತಿರುಗಿ ಸೆರಗಿನಲ್ಲಿ ಮುಖ ಒರೆಸಿಕೊಂಡು ಮತ್ತೆ ಚಪ್ಪಾಳೆ ಶುರು ಮಾಡುತ್ತಾರೆ. ಉಳಿದವರ ಕಾಲು ತಣ್ಣಗಾಗಬಾರದಲ್ಲ.

ಆಯ್ಕೆದಾರರು ಬರುತ್ತಾರೆ, ಇಬ್ಬರನ್ನು ಆರಿಸಿ ಹೋಗುತ್ತಾರೆ. ಮಗಳು ದಿನಾ ಮುಟ್ಟುವ ಗುರುತಿಗಿಂತ ಒಂದು ಗೇಣು ಕೆಳಗೆ ಮುಟ್ಟಿದವಳೂ ಆಯ್ಕೆಯಾಗಿದ್ದಾಳೆ. ಮಗಳು ಮಂಡಿಗೆ ಐಸ್ ಇಟ್ಟುಕೊಂಡು ಹೊರಗಿನ ಜಗಲಿಯಲ್ಲಿ ಕೂತಿದ್ದಾಳೆ. ಅಮ್ಮ ತಂದಿಟ್ಟ ನೀರನ್ನೂ ಮುಟ್ಟಿಲ್ಲ.

ಪೆಟ್ಟಿಗೆಗಳನ್ನು ಸೊಂಟದಿಂದ ದೂಡಿ ಗೋಡೆಗೆ ಸೇರಿಸುತ್ತಾ ಅಕ್ಕ ಹೇಳುತ್ತಾರೆ: "ಹೊಟ್ಟೆ ಉರಿಯುತ್ತೆ. ಹೆತ್ತವಳಲ್ವಾ? ಹೋಗಿದ್ರೆ ಆಯ್ಕೆ ಆಗೇ ಆಗ್ತಿದ್ಲು, ನಂಗೊತ್ತು."

ಕೊನೆಯ ಪೆಟ್ಟಿಗೆಯನ್ನೂ ಗೋಡೆಗೆ ತಾಗಿಸುತ್ತಾರೆ. ಆಮೇಲೆ ಜಗಲಿಯ ಕಡೆ ನೋಡುತ್ತಾ, "ಮಾತು ಬಿಟ್ರೂ ಬಿಡ್ಲಿ. ನಾಳೆ ಅವಳ ಮಗು ನೆಲದ ಮೇಲೆ ಅಳ್ತಾ ಕೂತಿದ್ರೆ ಬಗ್ಗಿ ಎತ್ಕೊಳ್ಳೋ ಹಾಗಿದ್ರೆ ಸಾಕು. ಅವಳನ್ನ ನಾನು ಒಂದಿನಾನೂ ನೆಲದಿಂದ ಎತ್ಕೊಂಡವಳಲ್ಲ. ಯಾರಾದ್ರೂ ಎತ್ತಿ ಕೈಗೆ ಕೊಡ್ಬೇಕಿತ್ತು," ಎನ್ನುತ್ತಾರೆ.