ದೊಡ್ಡಾತ ಎಲ್ಲಿ ಹೋದ?

ಮಗಳ ಶಾಲೆಗೆ ಚಾರ್ಟ್ ಹಾಳೆ ಬೇಕಿತ್ತು. ಹೊಸಪೇಟೆ ಬಸ್ ಸ್ಟ್ಯಾಂಡಿನ ಹತ್ತಿರದ ಅಂಗಡಿಗೆ ಹೋಗಿದ್ದೆ. ಅಂಗಡಿಯವರು ಮೇಲಿನಿಂದ ಹಾಳೆಯ ಸುರುಳಿ ಎಳೆಯುವಾಗ ಚಿತ್ರ ಬರೆಯುವ ಕಪ್ಪು ಇಂಡಿಯನ್ ಇಂಕಿನ ಸೀಸೆಯೊಂದು ಉರುಳಿ ಬಿದ್ದು ಒಡೆಯಿತು. ಕರ್ಪೂರವನ್ನೂ ಸುಟ್ಟ ಎಣ್ಣೆಯನ್ನೂ ಬೆರೆಸಿದಂಥ ಆ ವಾಸನೆ... ಅವರು ಬಟ್ಟೆ ಹುಡುಕುತ್ತಿದ್ದರೆ ನಾನು ಬಂದ ಕೆಲಸವನ್ನೇ ಮರೆತು ನಿಂತಿದ್ದೆ. ನಮ್ಮ ಡ್ರಾಯಿಂಗ್ ಸರ್ ಪಕ್ಕದ ಸ್ಟೂಲಿನ ಮೇಲೆ ಬಂದು ಕೂತರೆ ಅವರ ಬೆರಳುಗಳಿಂದ ಇದೇ ವಾಸನೆ ಬರುತ್ತಿತ್ತು.

ಆಗ ನಾನು ಒಂದು ಸಣ್ಣ ಪ್ರೆಸ್ಸಿನಲ್ಲಿ ಕಂಪ್ಯೂಟರಿನ ಮುಂದೆ ಕೂತು ಡಿಟಿಪಿ ಮಾಡುತ್ತಿದ್ದೆ. ಲಗ್ನಪತ್ರಿಕೆ, ಕರಪತ್ರ, ಬಿಲ್ ಬುಕ್ಕು, ಇವೇ ನಿತ್ಯದ ಕೆಲಸ. ಇವುಗಳ ನಡುವೆ ತಿಂಗಳಿಗೊಮ್ಮೆ ಮನಸ್ಸಿಗೆ ಹಿಡಿಸುವ ಕೆಲಸವೊಂದು ಬರುತ್ತಿತ್ತು. ಅದು ಸರ್ ಬರೆಯುತ್ತಿದ್ದ ಚಿತ್ರಕಥೆಯ ಪುಸ್ತಕ. ಸರ್ ಸಂಡೂರಿನವರು, ಇಲ್ಲಿಯ ಹೈಸ್ಕೂಲೊಂದರಲ್ಲಿ ಡ್ರಾಯಿಂಗ್ ಕಲಿಸುತ್ತಿದ್ದರು. ಪುಸ್ತಕದ ಹೆಸರು ‘ಗುಡ್ಡದ ಅಣ್ತಮ್ರು’. ದೊಡ್ಡಾತ, ಸಣ್ಣಾತ ಎಂಬ ಇಬ್ಬರು ಅಣ್ಣತಮ್ಮಂದಿರು, ಜೊತೆಗೆ ದರೋಜಿ ಕರಡಿಧಾಮದ ಕಡೆಯ ಒಂದು ಕರಡಿ. ಕಳೆದುಹೋದ ಎಮ್ಮೆ ಹುಡುಕುವುದರಿಂದ ಹಿಡಿದು ಗುಡಿಯ ವಿಗ್ರಹ ಕದ್ದವರನ್ನು ಹಿಡಿಯುವವರೆಗೆ ಈ ಮೂವರು ಮಾಡದ ಕೆಲಸವಿರಲಿಲ್ಲ. ದೊಡ್ಡಾತನ ಕೊರಳಲ್ಲಿ ಸದಾ ಕೆಂಪು ಟವೆಲ್ಲು. ಮುಂದಿನ ಹಲ್ಲು ಅರ್ಧ ಮುರಿದಿತ್ತು. ಅವನು ನಕ್ಕರೆ ಪುಟದ ತುಂಬ ಅವನ ಬಾಯಿಯೇ. ಹುಡುಗರಿಗೆ ಅವನೆಂದರೆ ಪ್ರಾಣ.

ಪುಸ್ತಕದ ಕೊನೆಯ ಪುಟ ಓದುಗರ ಪ್ರಶ್ನೆಗಳಿಗೆ ಮೀಸಲು. ಹಂಪಿ, ಕಂಪ್ಲಿ, ಸಂಡೂರು, ಕುರೆಕುಪ್ಪದಿಂದ ಕಾರ್ಡುಗಳು ಬರುತ್ತಿದ್ದವು. ನಾನು ಓದುತ್ತಿದ್ದೆ, ಸರ್ ಉತ್ತರ ಹೇಳುತ್ತಿದ್ದರು, ನಾನು ಟೈಪ್ ಮಾಡುತ್ತಿದ್ದೆ. ಹುಡುಗರ ಕಣ್ಣು ಎಷ್ಟು ಚುರುಕು ಎಂಬುದು ನನಗೆ ತಿಳಿದದ್ದು ಆಗಲೇ. ಹೋದ ಸಲ ಕರಡಿಯ ಎಡಗಿವಿ ಹರಿದಿತ್ತು, ಈ ಸಲ ಬಲಗಿವಿ ಹರಿದಿದೆ, ಯಾಕೆ? ಸಣ್ಣಾತನಿಗೆ ಈಜು ಬರುವುದಿಲ್ಲ ಎಂದಿದ್ದಿರಿ, ಈಗ ಹೇಗೆ ಹೊಳೆ ದಾಟಿದ? ಕಂಪ್ಲಿಯ ಒಬ್ಬ ಹುಡುಗನಂತೂ, ಹೊಳೆ ಹಂಪಿಯಿಂದ ನಮ್ಮೂರಿನ ಕಡೆಗೆ ಹರಿಯುತ್ತದೆ, ಹಾಗಿರುವಾಗ ಅಣ್ಣತಮ್ಮಂದಿರು ನಮ್ಮೂರಿಂದ ಹಂಪಿಗೆ ಹರಿಗೋಲಿನಲ್ಲಿ ಒಂದೇ ರಾತ್ರಿಯಲ್ಲಿ ಹೇಗೆ ಬಂದರು ಎಂದು ಕೇಳಿದ್ದ. ಸರ್ ಅದನ್ನು ಕೇಳಿ ತೊಡೆ ತಟ್ಟಿಕೊಂಡು ನಕ್ಕರು. ಮುಂದಿನ ಸಂಚಿಕೆಯಲ್ಲಿ ದೊಡ್ಡಾತ ಹರಿಗೋಲನ್ನು ತಲೆಯ ಮೇಲೆ ಹೊತ್ತು, ಕಾಲು ನೋಯುತ್ತಿದೆ ಎಂದು ಗೊಣಗುತ್ತ ಬಾಳೆತೋಟಗಳ ನಡುವೆ ನಡೆದು ಬರುವ ಚಿತ್ರವಿತ್ತು. ತಪ್ಪಾಗಿದ್ದರೆ ತಪ್ಪಾಗಿದೆ ಎಂದೇ ಬರೆಸುತ್ತಿದ್ದರು. “ಹುಡುಗ್ರು ನಂಬಿ ಕೇಳ್ತಾವ ತಂಗಿ. ಅವಕ್ಕ ಸುಳ್ಳು ಹೇಳಬಾರ್ದು,” ಎನ್ನುತ್ತಿದ್ದರು.

ಹಾಗೆ ಹೇಳುತ್ತಿದ್ದವರ ಪುಸ್ತಕದಲ್ಲಿ ಒಂದು ತಿಂಗಳು ದೊಡ್ಡಾತ ಇರಲೇ ಇಲ್ಲ. ಕಥೆಯಲ್ಲಿ ಅದಕ್ಕೆ ಕಾರಣವೂ ಇರಲಿಲ್ಲ. ಸಣ್ಣಾತ ಮತ್ತು ಕರಡಿ, ಇಬ್ಬರೇ.

ಕಾರ್ಡುಗಳ ರಾಶಿ ಬಂತು. ಎಲ್ಲರದೂ ಒಂದೇ ಪ್ರಶ್ನೆ, ದೊಡ್ಡಾತ ಎಲ್ಲಿ ಹೋದ? ಸರ್ ಕಿಟಕಿಯ ಕಡೆ ನೋಡುತ್ತ, “ಬೀಗರೂರಿಗೆ ಹೋಗ್ಯಾನ ಅಂತ ಹಾಕು,” ಎಂದರು. ಮರುತಿಂಗಳು ಜ್ವರ ಬಂದು ಮಲಗಿದ್ದಾನೆ ಎಂದು ಹಾಕಿಸಿದರು. ಹುಡುಗರು ಬಿಡುತ್ತಾರೆಯೇ? ಬೀಗರೂರಿನಲ್ಲಿದ್ದವನು ಮನೆಯಲ್ಲಿ ಹೇಗೆ ಮಲಗಿದ ಎಂದು ಕೇಳಿದರು. ಆಮೇಲೆ ಆ ಪ್ರಶ್ನೆ ಬಂದಾಗಲೆಲ್ಲ ಸರ್ ಮುಖ ಕೆಂಪಗಾಗುತ್ತಿತ್ತು. “ಅದು ಬ್ಯಾಡ. ಮುಂದಿಂದು ಓದು,” ಎನ್ನುತ್ತಿದ್ದರು. ನಾನು ಕಾರ್ಡು ಮಗುಚಿ ಇಡುತ್ತಿದ್ದೆ.

ಕಾರಣ ಹೇಳಿದವರು ಪ್ರೆಸ್ಸಿನ ಮಾಲೀಕರು. ಸರ್ ಅವರ ಅಣ್ಣ ಸಂಡೂರಿನಲ್ಲಿ ಅದಿರು ಲಾರಿ ಓಡಿಸುತ್ತಿದ್ದವರು. ರಸ್ತೆ, ಮರ, ಮನೆಯ ಗೋಡೆ ಎಲ್ಲ ಕೆಂಪು ಧೂಳಾಗಿದ್ದ ಕಾಲ ಅದು. ಆಮೇಲೆ ಅವರು ಬೇರೆಯವರ ಲಾರಿಗಳಿಗೂ ಸುಳ್ಳು ಪರ್ಮಿಟ್ ಹೊಂದಿಸಿ ಕೊಡತೊಡಗಿದರಂತೆ. ಸಿಕ್ಕಿಬಿದ್ದರು. ಪೊಲೀಸರ ನಡುವೆ ನಿಂತಿದ್ದ ಅವರ ಫೋಟೋ ಪತ್ರಿಕೆಯಲ್ಲಿ ಬಂತು. ಆ ಪತ್ರಿಕೆಯನ್ನು ಯಾರೋ ಸ್ಟಾಫ್ ರೂಮಿನಲ್ಲಿ ಸರ್ ಮೇಜಿನ ಮೇಲೆ ಬಿಡಿಸಿಟ್ಟಿದ್ದರು. ಕ್ಲಾಸಿಗೆ ಹೋದರೆ ಬೋರ್ಡಿನ ಮೇಲೆ ಲಾರಿಯ ಚಿತ್ರ.

ಆ ಮುರಿದ ಹಲ್ಲು ಅಣ್ಣನದು. ಕೆಂಪು ಟವೆಲ್ಲೂ ಅಣ್ಣನದೇ.

ಒಮ್ಮೆ ಸರ್ ತಾವಾಗಿಯೇ ಹೇಳಿದರು. “ದೊಡ್ಡಾತನ್ನ ಬರೀಬೇಕಂತ ಕುಂದ್ರತೀನಿ ತಂಗಿ. ಮೂಗಿನ ಮಟಾ ಬರ್ತದ. ಬಾಯಿ ಬರೀಲಿಕ್ಕೆ ಹೋದ್ರ ಕೈ ನಿಂತುಬಿಡ್ತದ. ಮಂದಿ ಗುರುತು ಹಿಡೀತಾರಲ್ಲ.”

ಮರುವರ್ಷ ಹಂಪಿಯ ಗೆಸ್ಟ್ ಹೌಸಿನವರೊಬ್ಬರು ತಮ್ಮ ಅಂಗಳದಲ್ಲಿ ಓದುಗರ ಕೂಟ ಇಟ್ಟುಕೊಂಡರು. ಅವರ ಮಕ್ಕಳು ಸರ್ ಪುಸ್ತಕದ ಹುಚ್ಚರು. ಭಾನುವಾರ ಬೆಳಿಗ್ಗೆ ಚಾಪೆ ಹಾಸಿದರು, ಮಂಡಕ್ಕಿ ಒಗ್ಗರಣೆ, ಮಿರ್ಚಿ ಮಾಡಿಸಿದರು. ಅಂಗಳ ತುಂಬಿ ಹೋಯಿತು. ಮಕ್ಕಳು ಎದ್ದು ನಿಂತು ಕೇಳುತ್ತಿದ್ದರು, ಸರ್ ಉತ್ತರಿಸುತ್ತಿದ್ದರು. ಕರಡಿಯ ಹೆಸರೇನು, ಅದಕ್ಕೆ ಮದುವೆ ಯಾವಾಗ ಎಂಬಂಥ ಪ್ರಶ್ನೆಗಳಿಗೆ ಎಷ್ಟೋ ದಿನಗಳ ಮೇಲೆ ಸರ್ ನಕ್ಕಿದ್ದನ್ನು ನೋಡಿದೆ. ದೊಡ್ಡಾತನ ಪ್ರಶ್ನೆ ಕೇಳಬೇಡಿ ಎಂದು ವಿಷಯ ತಿಳಿದಿದ್ದ ಗೆಸ್ಟ್ ಹೌಸಿನವರು ಮೊದಲೇ ಮಕ್ಕಳಿಗೆ ಹೇಳಿಟ್ಟಿದ್ದರು.

ಮುಗಿಯುವ ಹೊತ್ತಿಗೆ ಹಿಂದೆ ಗೇಟಿನ ಹತ್ತಿರ ನಿಂತಿದ್ದ ಒಬ್ಬರು ಕೈ ಎತ್ತಿದರು. ಸೊರಗಿದ ಮೈ, ಸಣ್ಣಗೆ ಕತ್ತರಿಸಿದ ಕೂದಲು, ಕೊರಳಲ್ಲಿ ಟವೆಲ್ಲು ಇರಲಿಲ್ಲ.

“ನಂದೊಂದು ಐತ್ರಿ ಸರ್. ಆ ದೊಡ್ಡಾತ ಎಲ್ಲಿ ಹೋದ್ರಿ? ನಾ ಇದ್ದಲ್ಲಿ ನಿಮ್ಮ ಪುಸ್ತಕ ಬರ್ತಿತ್ತು. ಅಲ್ಲಿದ್ದ ಹರೇದ ಹುಡುಗ್ರು ನನ್ನ ಕೇಳ್ತಿದ್ರು. ನನಗ ಹೇಳಾಕ ಬರ್ಲಿಲ್ಲ.”

ಮಾತಾಡುವಾಗ ಅರ್ಧ ಮುರಿದ ಹಲ್ಲು ಕಂಡಿತು. ಸರ್ ಮುಖದಲ್ಲಿ ರಕ್ತವೇ ಇರಲಿಲ್ಲ. ಮುಂದಿನ ಸಾಲಿನಲ್ಲಿ ಅವರ ಶಾಲೆಯ ಇಬ್ಬರು ಮೇಷ್ಟ್ರುಗಳು ಕೂತಿದ್ದರು. ಸರ್ ಆ ಇಬ್ಬರ ಕಡೆ ಒಮ್ಮೆ ನೋಡಿ, ನೆಲ ನೋಡಿ, “ಕತಿ ಹಂಗ ನಡೀತ್ರಿ... ಮುಂದ ಬರ್ತಾನ್ರಿ,” ಎಂದರು.

“ಆತ್ರಿ ಸರ್,” ಎಂದು ಅವರು ಗೇಟಿನ ಕಡೆ ತಿರುಗಿದರು.

ಕುರೆಕುಪ್ಪದ ಒಬ್ಬ ಹುಡುಗಿ ಪುಸ್ತಕ ಹಿಡಿದುಕೊಂಡು ಅವರ ಹಿಂದೆಯೇ ಓಡಿದಳು. “ನೀವ ದೊಡ್ಡಾತ ಏನ್ರಿ?” ಎಂದು ಕೇಳಿದ್ದು ಎಲ್ಲರಿಗೂ ಕೇಳಿಸಿತು.

“ಅಲ್ಲವ್ವಾ. ನಾ ಯಾರೋ ಅದೀನಿ,” ಎಂದು ಅವರು ಆಕೆಯ ತಲೆ ಮುಟ್ಟಿ ಹೊರಟುಹೋದರು. ಸರ್ ಕುರ್ಚಿಯ ಕೈ ಹಿಡಿದುಕೊಂಡು ಅರ್ಧ ಎದ್ದವರು ಹಾಗೆಯೇ ಕೂತರು.

ವಾಪಸು ಬರುವಾಗ ಆಟೋ ಕಮಲಾಪುರ ದಾಟಿತು. ಸರ್ ಮೆಲ್ಲಗೆ ಹೇಳಿದರು. “ಅಣ್ಣಗ ಹೊರಗಿನ ಮಂದಿಗೆ ಅಂದಂಗ ‘ರಿ’ ಹಚ್ಚಿ ಮಾತಾಡಿದ್ನಲ್ಲ ತಂಗಿ. ನನ್ನ ಹೆಗಲ ಮ್ಯಾಲೆ ಹೊತ್ಕೊಂಡು ಸಾಲಿಗೆ ಬಿಟ್ಟಾತ ಅವ. ನನ್ನ ಮಾನ ಉಳೀಲಿ ಅಂತ ಅವನೂ ‘ರಿ’ ಹಚ್ಚಿದ.” ಮುಖವನ್ನು ಕರ್ಚೀಫಿನಲ್ಲಿ ಮುಚ್ಚಿಕೊಂಡರು. ಆಟೋದವರು ಕನ್ನಡಿಯಲ್ಲಿ ನೋಡಿ ರೇಡಿಯೊ ಬಂದ್ ಮಾಡಿದರು.

ಆ ವಾರ ಪ್ರೆಸ್ಸಿಗೆ ಬಂದವರೇ ಪ್ರಶ್ನೆಯ ಪುಟ ತೆರೆಯಲು ಹೇಳಿದರು. ಒಂದೇ ಉತ್ತರ ಬರೆಸಿದರು. ದೊಡ್ಡಾತ ತಪ್ಪು ಮಾಡಿ ಜೈಲಿಗೆ ಹೋಗಿದ್ದ. ಸಣ್ಣಾತ ನಾಚಿಕೆಯಿಂದ ಅದನ್ನು ಮುಚ್ಚಿಟ್ಟ. ಬೀಗರೂರು, ಜ್ವರ, ಎಲ್ಲ ಸುಳ್ಳು. ದೊಡ್ಡಾತ ಈಗ ಬಂದಿದ್ದಾನೆ, ಅವನು ನನ್ನ ಸ್ವಂತ ಅಣ್ಣ. ಟೈಪ್ ಮಾಡುತ್ತಿದ್ದ ನನ್ನ ಕೈ ತಡೆಯಿತು. ಮಾಲೀಕರೂ ಎದ್ದು ಬಂದು, “ಸರ್, ಇದು ಬೇಕೇನ್ರಿ?” ಎಂದರು. ಸರ್ ಬೇಕೆಂದು ತಲೆ ಆಡಿಸಿದರು.

ಕೆಲವು ಅಂಗಡಿಯವರು ಪುಸ್ತಕ ಇಟ್ಟುಕೊಳ್ಳುವುದನ್ನು ಬಿಟ್ಟರು. ಮಕ್ಕಳ ಪುಸ್ತಕದಲ್ಲಿ ಜೈಲು ಯಾಕೆ ಎಂದು ಹೆಡ್‌ಮಾಸ್ಟರು ಕರೆದು ಕೇಳಿದರಂತೆ. ಆದರೆ ಹುಡುಗರ ಕಾರ್ಡುಗಳು ನಿಲ್ಲಲಿಲ್ಲ. ಒಳಗೆ ದೊಡ್ಡಾತ ಏನು ತಿಂದ? ಅಲ್ಲಿ ಹಾಡು ಹೇಳಬಹುದೇ? ಕರಡಿ ನೆನಪಾಗಿ ಅತ್ತನೇ? ಇವಕ್ಕೆ ಉತ್ತರ ಸರ್‌ಗೂ ಗೊತ್ತಿರಲಿಲ್ಲ. ಕಾರ್ಡುಗಳನ್ನು ಚೀಲದಲ್ಲಿ ಹಾಕಿಕೊಂಡು ಭಾನುವಾರ ಸಂಡೂರಿನ ಬಸ್ಸು ಹತ್ತಿದರು. ಮೊದಲ ಸಲ ಅಣ್ಣ ಗೋಡೆಯ ಕಡೆ ತಿರುಗಿ ಕೂತರಂತೆ. ಸರ್ ಸುಮ್ಮನೆ ಒಂದೊಂದೇ ಕಾರ್ಡು ಓದಿದರಂತೆ. ಕೊನೆಗೆ ಅಣ್ಣ ಈ ಕಡೆ ತಿರುಗದೆಯೇ, “ಅತ್ತ ಅಂತ ಬರಿ,” ಎಂದರಂತೆ.

ಆಮೇಲೆ ಪ್ರತಿ ಭಾನುವಾರವೂ ಸರ್ ಹೋದರು. ದೊಡ್ಡಾತ ಪುಟಗಳಿಗೆ ಮರಳಿದ. ಮೊದಲಿನಷ್ಟು ದೊಡ್ಡದಾಗಿ ನಗುತ್ತಿರಲಿಲ್ಲ, ಅಷ್ಟೇ.

ಸರ್ ತೀರಿಹೋಗಿ ವರ್ಷಗಳೇ ಆದವು. ಕ್ಲಾಸಿನಲ್ಲಿ ಹುಡುಗರಿಗೆ ಬಣ್ಣ ಕಲಸುವುದನ್ನು ತೋರಿಸುತ್ತಿದ್ದವರು ಎದೆ ಹಿಡಿದುಕೊಂಡು ಕೂತರಂತೆ, ಏಳಲಿಲ್ಲ. ಪುಸ್ತಕ ಅಲ್ಲಿಗೇ ನಿಂತಿತು. ಅಂದಿನ ಓದುಗರು ಈಗ ವಾಟ್ಸಾಪಿನಲ್ಲಿ ಒಂದು ಗುಂಪು ಮಾಡಿಕೊಂಡಿದ್ದಾರೆ. ಯಾವ ಸಂಚಿಕೆಯ ಮುಂದೆ ಯಾವುದು, ಕರಡಿಯ ಯಾವ ಕಿವಿ ಸರಿ ಎಂದು ನನ್ನನ್ನೇ ಕೇಳುತ್ತಾರೆ. ನನಗೆ ತಿಳಿದಷ್ಟು ಹೇಳುತ್ತೇನೆ. ಹಳೆಯ ಸಂಚಿಕೆಗಳನ್ನು ಒಟ್ಟು ಸೇರಿಸಿ ಮತ್ತೆ ಅಚ್ಚು ಹಾಕೋಣ ಎಂಬ ಮಾತು ಅಲ್ಲಿಯೇ ಹುಟ್ಟಿತು. ದೊಡ್ಡಾತ ಇಲ್ಲದ ಸಂಚಿಕೆಗಳನ್ನು, ಆ ಸುಳ್ಳು ಉತ್ತರಗಳನ್ನು ಸೇರಿಸುವುದೋ ಬಿಡುವುದೋ? ಅದನ್ನು ಅಣ್ಣನನ್ನೇ ಕೇಳಬೇಕೆನ್ನಿಸಿ ಮೊನ್ನೆ ಸಂಡೂರಿಗೆ ಹೋದೆ.

ತೀರ ವಯಸ್ಸಾಗಿದೆ. ಬಾಗಿಲ ಮುಂದಿನ ಕಟ್ಟೆಯ ಮೇಲೆ ಕೂತಿದ್ದರು. “ಎಲ್ಲಾ ಹಾಕ್ರಿ. ಇದ್ದದ್ದು ಇದ್ದಂಗ ಇರ್ಲಿ,” ಎಂದರು. ಚಹಾ ಕುಡಿದ ಮೇಲೆ ನನಗೆ ತಡೆಯಲಾಗಲಿಲ್ಲ. “ಅಣ್ಣಾರ, ಒಂದು ಕೇಳ್ಲೇನ್ರಿ? ಅವತ್ತು ಹಂಪಿಯಾಗ ಸರ್ ಎಲ್ರ ಮುಂದ ಇವ ನಮ್ಮಣ್ಣ ಅಂದಿದ್ರ ಏನ್ ಮಾಡ್ತಿದ್ರಿ?”

ಅವರು ಖಾಲಿ ಲೋಟವನ್ನು ಕಟ್ಟೆಯ ಮೇಲಿಟ್ಟರು. “ಅಲ್ಲ ಅಂತಿದ್ನಿ,” ಎಂದರು. “ಅಷ್ಟು ಹುಡುಗ್ರು ಕುಂತಿದ್ವು. ನನಗ ಭಾಳ ನಾಚಿಕಿ ಆಗಿತ್ತವ್ವ. ಅಲ್ಲ ಅಂತ ಹೇಳಿ ಓಡಿಹೋಗ್ತಿದ್ನಿ. ಅವ ಸುಮ್ನಿದ್ದದ್ದ ಚೊಲೊ ಆತು.”

“ಇದನ್ನ ಸರ್‌ಗೆ ಹೇಳಿದ್ರೇನ್ರಿ?”

“ಅವ ಕೇಳ್ಲಿಲ್ಲಲ್ಲ.”

ಅಷ್ಟು ಭಾನುವಾರಗಳಲ್ಲಿ ಸರ್ ಎಲ್ಲರ ಪ್ರಶ್ನೆಗಳನ್ನೂ ಸಂಡೂರಿಗೆ ಹೊತ್ತುಕೊಂಡು ಹೋದರು. ತಮ್ಮದೊಂದನ್ನು ಮಾತ್ರ ಕೇಳಲೇ ಇಲ್ಲ.