ಯಾರ ತುಟಿಗೂ ಹೊಂದಿಸದ ಮಾತು

ದಿಲ್ಲಿ ಕನ್ನಡಿಗರ ಆ ವರ್ಷದ ನಾಟಕ ನೋಡಿದವರಿಗೆ ಮಹಾರಾಣಿ ಪಾತ್ರ ಮಾಡಿದ ದೇವಕಿಯ ಅಬ್ಬರ ಇನ್ನೂ ನೆನಪಿದೆ. ಏನು ಗತ್ತು, ಏನು ಗಂಟಲು! ಆದರೆ ಆ ಗಂಟಲು ದೇವಕಿಯದಲ್ಲ ಎನ್ನುವುದು ಮೂರೋ ನಾಲ್ಕೋ ಜನಕ್ಕೆ ಮಾತ್ರ ಗೊತ್ತು. ಎರಡನೇ ಅಂಕದಲ್ಲಿ ದೇವಕಿಗೆ ಮಾತೇ ಮರೆತುಹೋಗಿತ್ತು. ಬಾಯಿ ತೆರೆದಳು, ಮುಚ್ಚಿದಳು, ಪಾಪ, ಮತ್ತೆ ತೆರೆದಳು. ಪರದೆಯ ಸಂದಿನಲ್ಲಿ ಪುಸ್ತಕ ಹಿಡಿದು ಮಾತು ಎತ್ತಿಕೊಡಲು ಕೂತಿದ್ದ ಸುಮಿತ್ರಾ ಎಷ್ಟು ಪಿಸುಗುಟ್ಟಿದರೂ ಅವಳ ಕಿವಿಗೆ ಬೀಳಲಿಲ್ಲ. ಇನ್ನೇನು ಮಾನ ಹೋಯಿತು ಎನ್ನುವಾಗ ಸುಮಿತ್ರಾ ಪುಸ್ತಕ ಕೆಳಗಿಟ್ಟಳು. ದೇವಕಿಯ ತುಟಿಯನ್ನೇ ನೋಡುತ್ತ, ಅದು ಹೇಗೆ ಆಡಿದರೆ ಹಾಗೆ ಮಾತು ಹುಟ್ಟಿಸಿಕೊಂಡು, ಕೂತಲ್ಲಿಂದಲೇ ಗಟ್ಟಿಯಾಗಿ ಆಡಿಬಿಟ್ಟಳು. ನಾಟಕದಲ್ಲಿ ಇಲ್ಲದ ಎರಡು ಬೈಗುಳವೂ ಆ ರಭಸದಲ್ಲಿ ಸೇರಿಕೊಂಡವು. ಜನ ಚಪ್ಪಾಳೆ ಹೊಡೆದದ್ದು ಅವಕ್ಕೇ.

ಗುಟ್ಟು ತಿಳಿದ ಆ ಕೆಲವರಲ್ಲಿ ಸಂದೀಪ್ ಒಬ್ಬ. ಮೈಸೂರಿನವನು, ಓದಲು ದಿಲ್ಲಿಗೆ ಬಂದು ಇಲ್ಲೇ ಉಳಿದುಕೊಂಡು, ನೋಯ್ಡಾದ ಒಂದು ಡಬ್ಬಿಂಗ್ ಸ್ಟುಡಿಯೋದಲ್ಲಿ ಕನ್ನಡದ ವಿಭಾಗ ನೋಡಿಕೊಳ್ಳುತ್ತಿದ್ದ. ಹಿಂದಿ ಧಾರಾವಾಹಿಗಳಿಗೆ ಕನ್ನಡದ ಮಾತು ಕೂರಿಸುವುದು ಅವನ ಕಸುಬು. ನಾಟಕ ಮುಗಿದದ್ದೇ ಪರದೆಯ ಹಿಂದಕ್ಕೆ ಬಂದ.

“ಮೇಡಂ, ನೀವು ಈಗ ಮಾಡಿದ್ರಲ್ಲ, ಅದಕ್ಕೆ ನಮ್ಮಲ್ಲಿ ಸಂಬಳ ಕೊಡ್ತಾರೆ.”

“ಯಾವುದಕ್ಕಪ್ಪಾ? ಬೈದಿದ್ದಕ್ಕಾ?”

“ಬಾಯಿಗೆ ಸರಿಯಾಗಿ ಬೈದಿದ್ದಕ್ಕೆ.”

ಸುಮಿತ್ರಾಗೆ ಆಗ ನಲವತ್ತೆಂಟು. ಅರಸೀಕೆರೆಯಲ್ಲಿ ಟೈಲರ್ ಅಂಗಡಿ ಇಟ್ಟಿದ್ದ ಈಶ್ವರಪ್ಪನವರ ಮಗಳು. ಮದುವೆಯಾಗಿ ಬಂದವಳು ಲೋಧಿ ಕಾಲೋನಿಯ ಸರ್ಕಾರಿ ಕ್ವಾರ್ಟರ್ಸಿನಲ್ಲೇ ಸಂಸಾರ ನಡೆಸಿದ್ದಳು. ಗಂಡ ಇಂದುಶೇಖರ ಸಚಿವಾಲಯವೊಂದರಲ್ಲಿ ಸೆಕ್ಷನ್ ಆಫೀಸರ್. ಒಬ್ಬಳೇ ಮಗಳು ಅದಿತಿಗೆ ಗುರುಗ್ರಾಮದ ಕಂಪನಿಯಲ್ಲಿ ಕೆಲಸ. ಅಲ್ಲೇ ಗೆಳತಿಯರ ಜೊತೆ ಫ್ಲ್ಯಾಟು ಮಾಡಿಕೊಂಡು, ಭಾನುವಾರ ಬಂದು ಅಮ್ಮನ ಕೈಯಡುಗೆ ಉಂಡು ಹೋಗುತ್ತಿದ್ದಳು. ಸ್ಟುಡಿಯೋ ವಿಷಯ ಕೇಳಿದ ಇಂದುಶೇಖರ ಪೇಪರಿನಿಂದ ತಲೆ ಕೂಡ ಎತ್ತಲಿಲ್ಲ.

“ಮನೇಲಿ ನಿನಗೆ ಏನು ಕಮ್ಮಿಯಾಗಿದೆ ಈಗ?”

“ಕಮ್ಮಿ ಏನೂ ಆಗಿಲ್ಲ ಕಣ್ರೀ, ಮಾತು ಜಾಸ್ತಿಯಾಗಿದೆ. ಎಲ್ಲಾದ್ರೂ ಹಾಕ್ಬೇಕಲ್ಲ,” ಎಂದು ಹೇಳಿ ಅವಳು ಚಪ್ಪಲಿ ಮೆಟ್ಟಿಕೊಂಡಳು. ಮಂಡಿ ಹೌಸ್‌ನಲ್ಲಿ ಮೆಟ್ರೋ ಬದಲಾಯಿಸಿ ನೋಯ್ಡಾಕ್ಕೆ ಹೋಗುವುದನ್ನು ಅವತ್ತೇ ಕಲಿತಳು.

ಆ ಕೆಲಸದ ಕಷ್ಟ ಮಾಡಿದವರಿಗೇ ಗೊತ್ತು. ಸ್ಕ್ರೀನಿನ ಮೇಲೆ ಹಿಂದಿ ಅತ್ತೆ ತುಟಿ ಕೂಡಿಸಿದ ಕಡೆ ಕನ್ನಡದಲ್ಲೂ ತುಟಿ ಕೂಡುವ ಮಾತೇ ಬರಬೇಕು. ನಮ್ಮ ಮಾತು ಮುಗಿದರೂ ಅವಳ ಬಾಯಿ ಇನ್ನೂ ಆಡುತ್ತಿದ್ದರೆ ‘ಗೊತ್ತಾಯ್ತಾ’, ‘ಅಲ್ವಾ ಮತ್ತೆ’ ಎಂದು ತೇಪೆ ಹಾಕಬೇಕು. ಅರ್ಥವೂ ಕೆಡಬಾರದು, ಕೇಳುವವರಿಗೆ ಇದು ಹಿಂದಿಯಿಂದ ಬಂದದ್ದು ಅನ್ನಿಸಲೂಬಾರದು. ಡಿಗ್ರಿ ಹಿಡಿದು ಬಂದ ಎಷ್ಟೋ ಜನ ಒಂದು ವಾರದಲ್ಲಿ ಕೈ ಮುಗಿದು ಓಡಿಹೋಗಿದ್ದರು. ಸುಮಿತ್ರಾ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ಅತ್ತೆಯ ಜೊತೆ ತಾನೂ ಕಣ್ಣು ಕೆಕ್ಕರಿಸಿ ಬಾಯಿ ಆಡಿಸುತ್ತ ಬರೆಯುತ್ತಿದ್ದಳು. ಒಂದು ದಿನ ಗ್ಯಾಸ್ ತಂದ ಭಯ್ಯಾ ಅದನ್ನು ನೋಡಿ ಹೆದರಿ ಸಿಲಿಂಡರನ್ನು ಬಾಗಿಲಲ್ಲೇ ಇಟ್ಟು ಹೋದ. ವರ್ಷ ತುಂಬುವುದರೊಳಗೆ, ಸ್ಟುಡಿಯೋದಲ್ಲಿ ದನಿ ಕೊಡುವ ಹಂಸಿನಿ ‘ಸುಮಿತ್ರಾ ಮೇಡಂ ಬರೆದದ್ದಾದ್ರೆ ಒಂದೇ ಟೇಕು’ ಎನ್ನುವ ಹಾಗಾಯಿತು. ಪೇಪರಿನಿಂದ ತಲೆ ಎತ್ತದ ಇಂದುಶೇಖರ ತನ್ನ ಆಫೀಸಿನಲ್ಲಿ ‘ನಮ್ಮ ಮನೆಯವರು ರೈಟರ್’ ಎಂದು ಹೇಳಿಕೊಂಡು ಓಡಾಡುತ್ತಿದ್ದ ಸುದ್ದಿಯೂ ಬಂತು.

ಎರಡು ವರ್ಷ ಹೀಗೆ ಕಳೆದ ಮೇಲೆ ಸಂದೀಪ್ ಕರೆದು ಕೂರಿಸಿದ.

“ಮೇಡಂ, ಕಂಪನಿಯವರು ಕನ್ನಡದಲ್ಲೇ ಹೊಸದಾಗಿ ಒಂದು ಆಡಿಯೋ ಸೀರಿಯಲ್ ಮಾಡ್ತಿದ್ದಾರೆ. ಡಬ್ಬಿಂಗ್ ಅಲ್ಲ, ಸ್ವಂತದ್ದು. ನಿಮ್ಮ ಹೆಸರು ಹೇಳಿದ್ದೀನಿ. ಪ್ರತಿ ಕಂತಿನ ಮೊದಲಲ್ಲಿ ‘ರಚನೆ: ಸುಮಿತ್ರಾ’ ಅಂತ ಬರುತ್ತೆ.”

ಡಬ್ಬಿಂಗ್‌ನಲ್ಲಿ ಬರೆದವರ ಹೆಸರು ಎಲ್ಲಿ ಬರುತ್ತದೆ! ಊರಿಗೆಲ್ಲ ಕೇಳಿಸಿದ ಆ ಅತ್ತೆಯರ ಮಾತು ಯಾರದ್ದೆಂದು ಒಂದು ನರಪಿಳ್ಳೆಗೂ ಗೊತ್ತಿರಲಿಲ್ಲ. ಸುಮಿತ್ರಾ ಕಾಲು ನೆಲದ ಮೇಲಿಲ್ಲದೆ ಮನೆಗೆ ಬಂದಳು. ವಾರ ಕಳೆಯುವುದರೊಳಗೆ ಮೊದಲ ಕಂತು ಬರೆದೇಬಿಟ್ಟಳು. ದೊಡ್ಡ ಮನೆ, ಆಸ್ತಿ, ಉಯಿಲು, ಹಾಲಿಗೆ ವಿಷ, ಎಲ್ಲ ಇತ್ತು.

ಹಂಸಿನಿ ಮೈಕಿನ ಮುಂದೆ ನಿಂತು ಓದಲು ಶುರುಮಾಡಿದಳು. ನಾಲ್ಕು ಪುಟ ಆಗುವಷ್ಟರಲ್ಲಿ ಕೇಳುವವರಿಗೆ ಆಕಳಿಕೆ. ಮಾತು ಮಾತಿಗೂ ‘ಗೊತ್ತಾಯ್ತಾ’, ‘ಅಲ್ವಾ ಮತ್ತೆ’. ಒಂದು ಮಾತು ನೇರವಾಗಿ ಶುರುವಾಗಿ ನೇರವಾಗಿ ಮುಗಿಯುವುದಿಲ್ಲ. ಸಂದೀಪ್ ಕೈ ತೋರಿಸಿ ನಿಲ್ಲಿಸಿದ.

“ಮೇಡಂ, ಬೇಜಾರು ಮಾಡ್ಕೋಬೇಡಿ. ಇಲ್ಲಿ ಸ್ಕ್ರೀನೇ ಇಲ್ವಲ್ಲ, ಬರೀ ದನಿ. ನೀವು ಯಾರ ತುಟಿಗೆ ಅಳತೆ ಹಿಡಿದು ಬರೆದಿದ್ದೀರಿ?”

ಸುಮಿತ್ರಾ ಹಾಳೆ ತೆಗೆದು ನೋಡಿಕೊಂಡಳು. ಅಯ್ಯೋ ಶಿವನೇ, ನಿಜ! ಇಲ್ಲದ ಮುಖಗಳನ್ನು ಕಣ್ಣ ಮುಂದೆ ತಂದುಕೊಂಡು, ಇಲ್ಲದ ಬಾಯಿಗಳಿಗೆ ಸಾಲು ಸಾಲು ಮಾತು ಹೊಲಿದಿದ್ದಳು. ಕಥೆಯೂ ಅಷ್ಟೇ, ಎರಡು ವರ್ಷ ಡಬ್ ಮಾಡಿದ ಕಥೆಗಳ ಚೂರುಪಾರು. ಹಂಸಿನಿಗೆ ನಗು ತಡೆಯಲಾಗಲಿಲ್ಲ. ಸುಮಿತ್ರಾಳ ಮುಖ ಸಣ್ಣದಾಯಿತು.

“ಮುಂದಿನ ಸೋಮವಾರದ ತನಕ ಟೈಮ್ ಇದೆ,” ಎಂದ ಸಂದೀಪ್. “ಆಮೇಲೆ ಬೆಂಗಳೂರಿನ ರೈಟರ್ ಒಬ್ಬರಿಗೆ ಕೊಡ್ತಾರಂತೆ. ಬೇರೆಯವರದ್ದು ಬೇಡ ಮೇಡಂ. ನಿಮಗೆ ಏನು ಹೇಳ್ಬೇಕು ಅಂತಿದೆ, ಅದನ್ನ ಬರೀರಿ.”

ಏನು ಹೇಳಬೇಕು ಅಂತಿದೆ? ಈ ಪ್ರಶ್ನೆ ಅವಳನ್ನು ಯಾರೂ ಈ ತನಕ ಕೇಳಿರಲಿಲ್ಲ. ಬರೆಯಲು ಕೂತರೆ ಖಾಲಿ. ಕರಿಬೇವು ಬಿಡಿಸುತ್ತ ಯೋಚಿಸಿದಳು, ಮೆಟ್ರೋದಲ್ಲಿ ಯೋಚಿಸಿದಳು. ಹೇಳುವುದಕ್ಕೆ ಏನೂ ಇಲ್ಲದವಳಿಗೆ ಇಷ್ಟು ದೊಡ್ಡ ಬಾಯಿ ಯಾಕೆ ಕೊಟ್ಟೆ ದೇವರೇ ಎಂದು ಸಿಟ್ಟೂ ಬಂತು. ಶನಿವಾರದ ಹೊತ್ತಿಗೆ, ಸಂದೀಪನಿಗೆ ಫೋನ್ ಮಾಡಿ ನನ್ನ ಕೈಲಾಗಲ್ಲ ಎಂದುಬಿಡೋಣ ಎನ್ನುವಲ್ಲಿಗೆ ಬಂದಿದ್ದಳು.

ಭಾನುವಾರ ಅದಿತಿ ತನ್ನ ಆಫೀಸಿಗೆ ಹೊಸದಾಗಿ ಸೇರಿದ ತುಮಕೂರಿನ ಹುಡುಗಿ ಅನನ್ಯಾಳನ್ನು ಕರೆದುಕೊಂಡು ಬಂದಳು. ಮನೆಯ ನೆನಪಲ್ಲಿ ಮುಖ ಬಾಡಿಸಿಕೊಂಡಿದ್ದ ಹುಡುಗಿ ಚಿತ್ರಾನ್ನದ ತಟ್ಟೆ ಕಂಡು ಅತ್ತೇಬಿಟ್ಟಳು. ಅದಿತಿಗೆ ಆಫೀಸಿನ ಫೋನ್ ಬಂತು. ಅವಳು ಬಾಲ್ಕನಿಗೆ ಹೋದಳು. ಅಳುವ ಹುಡುಗಿಯನ್ನು ಏನು ಮಾಡುವುದು? ಸುಮಿತ್ರಾ ದೇವಕಿಯ ಮಹಾರಾಣಿ ಪ್ರಸಂಗ ತೆಗೆದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಸೌಟನ್ನು ರಾಜದಂಡ ಮಾಡಿಕೊಂಡು, ಒಮ್ಮೆ ದೇವಕಿಯಾಗಿ, ಒಮ್ಮೆ ಪರದೆ ಹಿಂದಿನ ತಾನಾಗಿ ಆಡಿ ತೋರಿಸಿದಳು. ಅನನ್ಯಾ ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡು ನೆಲದ ಮೇಲೆ ಕೂತಳು.

ಸುಮಿತ್ರಾ ಮಜ್ಜಿಗೆ ತರಲು ಒಳಗೆ ಹೋದಾಗ ಅದಿತಿ ಬಾಲ್ಕನಿಯಿಂದ ಬಂದಳು.

“ನಿಮ್ಮಮ್ಮ ಎಷ್ಟು ತಮಾಷೆ ಮಾಡ್ತಾರೆ ಕಣೇ! ದಿನಾ ಮನೇಲಿ ಹೀಗೇನಾ?” ಅನನ್ಯಾ ಕಣ್ಣೊರೆಸಿಕೊಳ್ಳುತ್ತ ಕೇಳಿದಳು.

“ಕೌನ್, ಮಮ್ಮಾ?” ಅದಿತಿಯ ದನಿಯಲ್ಲಿ ನಿಜವಾದ ಆಶ್ಚರ್ಯವಿತ್ತು. “ನಹೀ ಯಾರ್. ಮಮ್ಮಾ ತೋ ಬಹುತ್ ಸೀದೀ ಸಾದೀ ಹೈ. ಜಾಸ್ತಿ ಮಾತಾಡೋದೇ ಇಲ್ಲ.”

ಅಡುಗೆಮನೆಯಲ್ಲಿ ಸುಮಿತ್ರಾ ಲೋಟ ಹಿಡಿದುಕೊಂಡು ನಿಂತೇಬಿಟ್ಟಳು.

ಮಗಳು ಸುಳ್ಳು ಹೇಳಿರಲಿಲ್ಲ. ಅದಿತಿ ನರ್ಸರಿ ಸೇರಿದ ವರ್ಷ ಅವಳ ಟೀಚರ್, ಮಗು ಕ್ಲಾಸಿನಲ್ಲಿ ಬಾಯಿ ಬಿಡುವುದಿಲ್ಲ, ಮನೆಯಲ್ಲೂ ಹಿಂದಿಯಲ್ಲೇ ಮಾತಾಡಿಸಿ ಎಂದು ಹೇಳಿ ಕಳಿಸಿದ್ದರು. ಇಂದುಶೇಖರನ ಹಿಂದಿ ಆಫೀಸಿನಲ್ಲಿ ಪಳಗಿತ್ತು. ಸುಮಿತ್ರಾಗೆ ಕೇಳಿದರೆ ಎಲ್ಲ ಅರ್ಥವಾಗುತ್ತಿತ್ತು, ಆಡಲು ಹೋದರೆ ನಾಲಿಗೆ ತೊಡರುತ್ತಿತ್ತು. ಆದರೂ ಮಗಳಿಗಾಗಿ ಆಡಿದಳು. ಖಾನಾ ಖಾ ಲೋ. ಸ್ವೆಟರ್ ಪಹನೋ. ಹೋಮ್‌ವರ್ಕ್ ಕರೋ. ಊಟ ಮಾಡು, ಸ್ವೆಟರ್ ಹಾಕಿಕೋ, ಪಾಠ ಬರಿ, ಇಷ್ಟರಲ್ಲಿ ಯಾವ ತಾಯಿ ತಾನೇ ತಮಾಷೆ ಮಾಡಿಯಾಳು! ಮದುವೆ ಮನೆಗಳಲ್ಲಿ ತರಕಾರಿ ಹೆಚ್ಚುವ ಹೆಂಗಸರು ‘ಸುಮಿತ್ರಾ ಬಂದ್ಲಾ?’ ಎಂದು ಕಾದು ಕೂರುತ್ತಿದ್ದ ಆ ಸುಮಿತ್ರಾ ಯಾರೆಂದೇ ಹೊಟ್ಟೆಯಲ್ಲಿ ಹುಟ್ಟಿದ ಮಗಳಿಗೆ ಗೊತ್ತಿಲ್ಲ. ಅವಳಿಗೆ ಅಳು ಬಂತು. ಅಳುವಿಗಿಂತ ಹೆಚ್ಚಾಗಿ, ಇದನ್ನು ಯಾರಿಗಾದರೂ ಹೇಳಲೇಬೇಕು ಎಂಬ ಉರಿ ಹತ್ತಿತು.

ಹುಡುಗಿಯರಿಬ್ಬರೂ ಗುರುಗ್ರಾಮಕ್ಕೆ ಕ್ಯಾಬ್ ಹತ್ತಿದ ಮೇಲೆ ಅವಳು ಮೇಜಿಗೆ ಕೂತಳು. ಇಂದುಶೇಖರ ಟೀ ಬೇಕೆಂದಾಗ “ಇವತ್ತು ನೀವೇ ಮಾಡ್ಕೊಳ್ರೀ, ನನಗೂ ಒಂದು ಲೋಟ ಹಾಕಿ” ಎಂದಳು. ಆತ ಮಾಡಿ ತಂದು ಪಕ್ಕದಲ್ಲಿಟ್ಟು ಹೋದ.

ಸೋಮವಾರ ಸಂದೀಪನ ಮುಂದೆ ಇಟ್ಟ ಕಂತಿನಲ್ಲಿ ದೊಡ್ಡ ಮನೆಯೂ ಇರಲಿಲ್ಲ, ವಿಷವೂ ಇರಲಿಲ್ಲ. ಒಬ್ಬ ಹೆಂಗಸು, ಅವಳ ಪುಟ್ಟ ಅಡುಗೆಮನೆ. ಹೊರಗೆ ಯಾರು ಏನೆಂದರೂ ‘ಹಾಂಜೀ’ ಎಂದು ತಲೆ ಆಡಿಸಿ ಬರುವವಳು ಮನೆಗೆ ಬಂದು ಬಾಗಿಲು ಹಾಕಿಕೊಂಡು, ಕೊಡಬೇಕಾಗಿದ್ದ ಉತ್ತರಗಳನ್ನೆಲ್ಲ ಕುಕ್ಕರಿನ ಮುಂದೆ ನಿಂತು ಕನ್ನಡದಲ್ಲಿ ಕೊಡುತ್ತಾಳೆ. ಮಗಳಿಗೆ ಅಮ್ಮ ಕುಕ್ಕರಿನ ಜೊತೆ ಜಗಳವಾಡುವುದು ಮಾತ್ರ ಕೇಳಿಸುತ್ತದೆ. ಸಂದೀಪ್ ಓದುತ್ತ ಓದುತ್ತ ಎರಡು ಸಲ ಭೇಷ್ ಎಂದ. ಕಂಪನಿಯವರಿಗೆ ಕೇಳಿಸಲು ಈ ವಾರವೇ ರೆಕಾರ್ಡ್ ಮಾಡೋಣ ಎಂದ. ಆದರೆ ಮಗಳ ಪಾತ್ರ ಯಾರು ಮಾಡುವುದು? ಅದು ದಿಲ್ಲಿಯಲ್ಲಿ ಬೆಳೆದ ಮಗು, ಅರ್ಧ ಕನ್ನಡ, ಅರ್ಧ ಹಿಂದಿ. ಸ್ಟುಡಿಯೋದ ಹುಡುಗಿಯರೆಲ್ಲ ಅಚ್ಚ ಕನ್ನಡದವರು; ಬೇಕೆಂದು ಕನ್ನಡ ಕೆಡಿಸಿ ಆಡಿದರೆ ಅಣಕಿಸಿದ ಹಾಗೆ ಕೇಳಿಸುತ್ತಿತ್ತು.

ಸುಮಿತ್ರಾ ಮಗಳಿಗೆ ಫೋನ್ ಮಾಡಿದಳು. ಅದಿತಿ ರಜೆ ಹಾಕಿ ಬಂದಳು. ಅವಳ ಮಾತುಗಳನ್ನಷ್ಟೇ ಇಂಗ್ಲಿಷ್ ಅಕ್ಷರದಲ್ಲಿ ಬರೆದು ಕೊಟ್ಟಿದ್ದರು; ಅಮ್ಮನ ಪಾತ್ರದ ಕನ್ನಡ ಅವಳಿಗೆ ಓದಲು ಬರುತ್ತಿರಲಿಲ್ಲ. ಹಂಸಿನಿ ಅಮ್ಮನಾಗಿ ಶುರುಮಾಡಿದಳು. ಗಾಜಿನ ಈಚೆ ಸುಮಿತ್ರಾ ಸಂದೀಪನ ಪಕ್ಕ ನಿಂತಿದ್ದಳು.

“ಏನಮ್ಮಾ ಟೀಚರಮ್ಮಾ, ನನ್ನ ಮಗಳು ಬಾಯಿ ಬಿಡಲ್ವಾ? ನೀವು ಮುಚ್ಚಿದ್ರೆ ತಾನೇ ಅವಳು ಬಿಡೋದು! ಬಂದಾಗಿಂದ ನೋಡ್ತಿದ್ದೀನಿ, ನನಗೇ ಸಂದು ಸಿಕ್ಕಿಲ್ಲ. ಹಾಂಜೀ ಅಂದೆ ಅಂತ ತೀರಾ ಬಗ್ಗಿಸ್ಬೇಡಿ. ಒಂದು ಸಲ ಅರಸೀಕೆರೆಗೆ ಬನ್ನಿ, ನಿಮ್ಮ ಕೈಲಿ ಹೌದಮ್ಮಾ ಹೌದಮ್ಮಾ ಅನ್ನಿಸ್ತೀನಿ!” ಇಲ್ಲಿಗೆ ಕುಕ್ಕರಿನ ಸೀಟಿ. “ಏಯ್, ನೀನು ಸುಮ್ನಿರು! ನಾನಿನ್ನೂ ಮುಗಿಸಿಲ್ಲ.”

ಅದಿತಿ ಗೊಳ್ಳೆಂದು ನಕ್ಕಳು. ಮೈಕ್ ಆನ್ ಇದೆ ಎನ್ನುವುದನ್ನೂ ಮರೆತು ನಕ್ಕಳು. ನಿಲ್ಲಿಸಲು ಹೊರಟ ಸೌಂಡಿನವನ ಕೈಯನ್ನು ಸಂದೀಪ್ ಹಿಡಿದುಕೊಂಡ. ನಗುವಿನ ನಡುವೆಯೇ ಅದಿತಿ ತನ್ನ ಮಾತು ಹೇಳಿದಳು, “ಮಮ್ಮಾ, ಯಾರ ಜೊತೆ ಮಾತಾಡ್ತಿದ್ದೀ? ಕೌನ್ ಆಯಾ ಹೈ?”

ಹಂಸಿನಿಯ ದನಿ ಅಷ್ಟಕ್ಕೇ ಇಳಿದುಹೋಯಿತು. ಮೆಲ್ಲಗೆ, ತಡವರಿಸುತ್ತ, ಹೆದರಿದ ಹಾಗೆ, ಯಾರೂ ಇಲ್ಲವೆಂದು ಹಿಂದಿಯಲ್ಲಿ ಬಂತು ಉತ್ತರ. “ಕೋಯೀ ನಹೀ, ಬೇಟಾ. ಖಾನಾ ಖಾ ಲೋ.”

ಅದಿತಿಯ ನಗು ನಿಂತಿತು. ಆ ದನಿ ಅವಳಿಗೆ ಗೊತ್ತಿತ್ತು. ಇಪ್ಪತ್ತು ವರ್ಷ ಅವಳು ಮನೆಯಲ್ಲಿ ಕೇಳಿದ್ದು ಆ ದನಿಯನ್ನೇ.

“ಇದೇ ಟೇಕ್ ಇರಲಿ,” ಸಂದೀಪ್ ಮೆಲ್ಲಗೆ ಹೇಳಿದ. “ಬೆಂಗಳೂರಿನ ರೈಟರಿಗೆ ಫೋನ್ ಮಾಡೋ ಅಗತ್ಯ ಇಲ್ಲ ಅಂತ ಕಂಪನಿಯವರಿಗೆ ಇವತ್ತೇ ಹೇಳ್ತೀನಿ ಮೇಡಂ. ಸೀರಿಯಲ್ ನಿಮ್ಮದೇ.”

ಸುಮಿತ್ರಾ ಅದನ್ನು ಕೇಳಿಸಿಕೊಂಡಳೋ ಇಲ್ಲವೋ. ಅವಳು ನೋಡುತ್ತಿದ್ದದ್ದು, ಬಾಗಿಲು ತಳ್ಳಿಕೊಂಡು ಹೊರಗೆ ಬಂದ ಮಗಳನ್ನು. ಅದಿತಿ ನೇರವಾಗಿ ಬಂದು ಅಮ್ಮನ ಎರಡೂ ತೋಳು ಹಿಡಿದುಕೊಂಡಳು. ಕನ್ನಡ ಒಂದೊಂದೇ ಮಾತಾಗಿ ಹೊರಗೆ ಬಂತು.

“ಮಮ್ಮಾ... ಇಷ್ಟು ವರ್ಷ... ನೀನು ಎಲ್ಲಿದ್ದೆ?”

“ಮನೇಲೇ ಇದ್ನಲ್ಲೇ,” ಎಂದಳು ಸುಮಿತ್ರಾ. “ಹಿಂದಿ ಮಾತಾಡ್ತಾ ಇದ್ದೆ.”