ಹಗ್ಗ ಹಿಡಿದವರ ಪಾಲು

ಇಂದು ಕುಮಟಾದ ಮೀನುಪೇಟೆಯಲ್ಲಿ ತಾಜಾ ಬಂಗಡೆಯ ವಾಸನೆ ಬಡಿದದ್ದೇ ಚಿಕ್ಕಂದಿನ ನಮ್ಮೂರು ಮಂಕಿಯ ಕಡಲದಂಡೆ ನೆನಪಾಯಿತು. ಕಡಲಲ್ಲಿ ಬಿಟ್ಟ ದೊಡ್ಡ ರಂಪಣಿ ಬಲೆಯನ್ನು ದಡಕ್ಕೆ ಎಳೆಯುವ ದಿನ ಊರಿಗೆ ಊರೇ ಅಲ್ಲಿರುತ್ತಿತ್ತು; ಹಗ್ಗಕ್ಕೆ ಕೈ ಹಚ್ಚಿದವರಿಗೆಲ್ಲ ಮೀನಿನ ಪಾಲು. ಒಮ್ಮೆ ಹಗ್ಗ ಹಿಡಿದು ನನ್ನ ಮುಂದೆ ನಿಂತಿದ್ದ ಪಕ್ಕದ ಮನೆಯ ನಾಗಿಗೂ ನನ್ನಷ್ಟೇ ಪಾಲು ಬಂತು. ಹೊಟ್ಟೆ ಉರಿದುಹೋಯಿತು.

“ದೊಡ್ಡಪ್ಪಾ, ನಾಗಿ ಎಳೀಲೇ ಇಲ್ಲ. ಬರೀ ಹಗ್ಗ ಹಿಡ್ಕಂಡಿದ್ಲು!” ಎಂದು ಪಾಲು ಹಂಚುತ್ತಿದ್ದ ದೊಡ್ಡಪ್ಪನಿಗೆ ದೂರಿದೆ.

ಅವನು ತಲೆಯೆತ್ತದೆ ಹೇಳಿದ: “ನೀ ಎಂತ ಎಳದೆ? ಅವಳ ಕೈ ನೋಡೂದೇ ಆತು ನಿಂಗೆ. ಇಬ್ರೂ ಮೀನು ತಕಂಡು ಮನೆಗೆ ನಡೀರಿ.”

ಇಂದು ಮೀನಿನವಳು ಪಕ್ಕದ ಹೆಂಗಸಿನ ಚೀಲಕ್ಕೆ ಒಂದು ಬಂಗಡೆ ಹೆಚ್ಚಿಗೆ ಹಾಕಿದಳು. ಅದನ್ನೇ ನೋಡುತ್ತ ನಿಂತೆ. ನನಗೂ ಹಾಕಿದ್ದಳೆಂದು ಗೊತ್ತಾದದ್ದು ಮನೆಯಲ್ಲಿ ಚೀಲ ಸುರಿದಾಗ.